ದಾರ ತೋರಿದ ದಾರಿ

ಮುಂಬಯಿಯ ಶಾಲೆಯೊಂದರ ಕಿಟಕಿಗೆ ಕೊಕ್ಕರೆಯೊಂದು ಬಂದು ಕೇಳಿತು: "ನಾನು ಅಮೆರಿಕ ಖಂಡದ ನ್ಯೂಯಾರ್ಕಿಗೆ ಹಾರಬೇಕು. ನನ್ನ ಮೈಯಲ್ಲಿರುವ ಕಸುವು ಎಲ್ಲಕ್ಕಿಂತ ಹತ್ತಿರದ ದಾರಿಗಷ್ಟೇ ಸಾಕು. ಅದು ಯಾವುದು?"

ಮರದ ಸ್ಕೇಲು ಗೋಡೆಯ ನಕ್ಷೆಯ ಮೇಲೆ ಮಲಗಿ ಎರಡೂ ಊರುಗಳನ್ನು ಮುಟ್ಟಿತು. "ಹೀಗೆ ಆಫ್ರಿಕದ ನೆತ್ತಿಯ ಮೇಲಿಂದ ಹೋಗು. ನಾನು ಹುಟ್ಟಿದಾಗಿನಿಂದ ನೆಟ್ಟಗಿದ್ದೇನೆ. ನನಗಿಂತ ಹತ್ತಿರದ ದಾರಿ ಇಲ್ಲ."

"ಸ್ವಲ್ಪ ತಾಳು" ಎಂದಿತು ಹೂ ಕಟ್ಟುವ ದಾರ. ಅದು ಮೇಜಿನ ಮೇಲಿದ್ದ ಗ್ಲೋಬನ್ನು ಹತ್ತಿ, ಮುಂಬಯಿಯಿಂದ ಉತ್ತರದ ಹಿಮದ ನಾಡುಗಳ ಮೇಲೆ ಬಾಗಿ, ನ್ಯೂಯಾರ್ಕನ್ನು ಸರಿಯಾಗಿ ತನ್ನ ತುದಿಯಿಂದ ಮುಟ್ಟಿತು.

"ಇದೆಂಥ ಸುತ್ತುಬಳಸು!" ಸ್ಕೇಲು ನಕ್ಕಿತು.

ದಾರ ಮತ್ತೆ ಮುಂಬಯಿಯಿಂದ ಹೊರಟು, ಅದೇ ಗ್ಲೋಬಿನ ಮೇಲೆ ಸ್ಕೇಲು ಹೇಳಿದ ದಾರಿಯಲ್ಲೇ ಮಲಗಿತು. ಈ ಸಲ ನ್ಯೂಯಾರ್ಕು ಎಟುಕಲಿಲ್ಲ. ದಾರ ನಡುಸಮುದ್ರದಲ್ಲೇ ಮುಗಿದುಹೋಯಿತು.

"ನಾನೂ ಅಲ್ಲೇ ಮುಗಿಯುತ್ತಿದ್ದೆ" ಎಂದಿತು ಕೊಕ್ಕರೆ.

ನಂಬಲಾರದೆ ಸ್ಕೇಲು ತಾನೂ ಗ್ಲೋಬಿನ ಮೇಲೆ ಮಲಗಿ ನೋಡಿತು. ಅದರ ನಡು ಒಂದೇ ಕಡೆ ತಾಗಿತು, ಎರಡು ತುದಿಗಳೂ ಗಾಳಿಯಲ್ಲಿ ನಿಂತವು.

"ಕೊಕ್ಕರೆಯಕ್ಕ, ದಾರ ಬಾಗಿದತ್ತಲೇ ಹಾರು" ಎಂದಿತು ಸ್ಕೇಲು. "ಬಾಗಿದರೆ ನಾನು ಮುರಿಯುತ್ತೇನೆ. ಇದು ಬಾಗಿಯೇ ಊರು ಮುಟ್ಟುತ್ತದೆ."