ಪೂಜೆಯಾದ ಮೇಲೆ ಯಾರೂ ಮುಟ್ಟದ ಪಂಖ

ರಾಜಕುಮಾರಿ ಚಂದಲದೇವಿ ಏನನ್ನೇ ಮುಚ್ಚಿದರೂ ಮತ್ತೆ ತೆಗೆದು ಇನ್ನೊಮ್ಮೆ ಮುಚ್ಚುತ್ತಿದ್ದಳು. ಕುಂಕುಮದ ಭರಣಿಯಾಗಲಿ, ಕಿಟಕಿಯ ಅಗುಳಿಯಾಗಲಿ, ಎಲ್ಲಕ್ಕೂ ಅದೇ. ದಾಸಿಯರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅವಳ ಅಣ್ಣ ಗುಣಧರ ಸತ್ತ ದಿನದಿಂದ ಇದು ಹತ್ತಿಕೊಂಡದ್ದು ಎಂದು ಗೊತ್ತಾದ ಮೇಲೆ ನಗು ನಿಂತಿತು.

ಗುಣಧರ ಆನೆಲಾಯದಲ್ಲಿ ತನ್ನ ಕೈಯಾರೆ ಒಂದು ಸಣ್ಣ ವಿಮಾನ ಕಟ್ಟಿದ್ದ. ಬೇಸಗೆಯ ಒಂದು ಬೆಳಗ್ಗೆ ಊರೆಲ್ಲ ತಲೆಯೆತ್ತಿ ನೋಡುತ್ತಿದ್ದಾಗಲೇ ಅದರ ಮೂತಿಯಲ್ಲಿ ತಿರುಗುವ ಮರದ ಪಂಖ ಕಳಚಿಹೋಯಿತು. ವಿಮಾನ ಗುಣಧರನ ಸಮೇತ ಕೆರೆಯಂಗಳಕ್ಕೆ ಬಿತ್ತು. ಪಂಖ ಕೆತ್ತಿದವನದೇ ತಪ್ಪೆಂದು ರಾಜ, ಬಡಗಿ ಕಾಳಪ್ಪನಿಗೆ ಕೈಕೋಳ ತೊಡಿಸಿ ಸೆರೆಗೆ ಹಾಕಿದ.

ವರ್ಷ ತುಂಬಿದ ದಿನ ಡಂಗುರ ಸಾರಿದರು. "ಕೇಳಿರಪ್ಪೋ ಕೇಳಿ! ರಾಜಕುಮಾರಿಯವರು ಅಂಥದೇ ಇನ್ನೊಂದು ವಿಮಾನ ಕಟ್ಟಿಸಿದ್ದಾರೆ. ಮೂರು ಒಗಟು ಬಿಡಿಸಿದವರು ಅದಕ್ಕೆ ಪಂಖ ಕೂರಿಸಬಹುದು, ಕೇಳಿದ್ದನ್ನು ಪಡೆಯಬಹುದು. ತಪ್ಪಿದವರು ತಾವು ಬಿಗಿದ ಪಂಖದ ಹಿಂದೆ ತಾವೇ ಕೂತು ಹಾರಬೇಕು!"

ರಾಜಕುಮಾರಿಯ ಕೈ ಹಿಡಿಯುವ ಆಸೆಯಿಂದ ದಂಡನಾಯಕನ ಮಗ ಬದ್ದೆಗ ಮೀಸೆ ತೀಡಿಕೊಂಡು ಮುಂದೆ ಬಂದ.

"ಆರು ಜನ ಅಣ್ಣತಮ್ಮಂದಿರು ಸುತ್ತ ಕೂತು ಒಂದೇ ತಟ್ಟೆ ಹಿಡಿದಿದ್ದಾರೆ," ಎಂದಳು ಚಂದಲದೇವಿ. "ಒಬ್ಬನಾದ ಮೇಲೆ ಪಕ್ಕದವನಿಗೆ ಬಡಿಸಿದರೆ ತಟ್ಟೆ ವಾಲುತ್ತದೆ. ಒಬ್ಬನಿಗೇ ಹೊಟ್ಟೆ ತುಂಬಿಸಿದರೆ ತಟ್ಟೆ ಬಿರಿಯುತ್ತದೆ. ಹೇಗೆ ಬಡಿಸಲಿ?"

"ಹಿರಿಯನಿಗೆ ಮೊದಲು!"

"ಹೌದೇ? ನಾಳೆ ಹಾಗೇ ಬಿಗಿ. ನೀನೇ ಹಾರು." ಅವಳ ದನಿ ಏರಲಿಲ್ಲ. ಅದಕ್ಕೇ ಸಭೆ ಹೆದರಿತು.

ಆಮೇಲೆ ಬಂದ ಆಸ್ಥಾನದ ಶಾಸ್ತ್ರಿಗಳು, ಆರು ಎಂದರೆ ಆರು ಋತುಗಳು, ತಟ್ಟೆಯೆಂದರೆ ಭೂಮಿ ಎಂದು ಶ್ಲೋಕ ಶುರುಮಾಡಿದರು. ಭಟರು ಅವರನ್ನೂ ಕೈ ಕಟ್ಟಿ ಬದ್ದೆಗನ ಪಕ್ಕದಲ್ಲೇ ಕೂರಿಸಿದರು.

ಮೂರನೆಯವಳಾಗಿ ಬಂದದ್ದು ಕಾಳವ್ವ, ಸೆರೆಯಲ್ಲಿದ್ದ ಕಾಳಪ್ಪನ ಮಗಳು. ಬಂಡಿಗಾಲಿ ಮಾಡಿ ಬದುಕುತ್ತಿದ್ದಳು.

"ಗಾಡಿ ಕೆಲಸದವಳೇ, ಎತ್ತು ಎಲ್ಲಿ ಬಿಟ್ಟು ಬಂದೆ?" ಎಂದ ಬದ್ದೆಗ.

"ಇಲ್ಲೇ ಒಂದು ಕಟ್ಟಿಹಾಕಿದ್ದಾರಲ್ಲ," ಎಂದಳು ಕಾಳವ್ವ. "ತಾಯಿ, ಅಣ್ಣತಮ್ಮಂದಿರು ಅಂದರೆ ಪಂಖದ ಆರು ಬೋಲ್ಟು. ಒಂದಕ್ಕೆ ಸ್ವಲ್ಪ ಬಿಗಿದು, ಆಮೇಲೆ ಅದರ ಎದುರಿನದಕ್ಕೆ ಅಷ್ಟೇ ಬಿಗೀಬೇಕು. ಹೀಗೆ ಎದುರುಬದುರಾಗಿ ಸುತ್ತು ಸುತ್ತು ಬರಬೇಕು. ಜೋರು ಇದೆ ಅಂತ ಜಗ್ಗಿದರೆ ಮರ ನಜ್ಜುತ್ತೆ."

"ಮಲಗಿದೆಯೆಂದು ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಆದರೂ ಕೈ ಹಚ್ಚಿದವರ ತೋಳು ಕಡಿಯುತ್ತದೆ. ಯಾವುದು?" ಚಂದಲದೇವಿ ಎರಡನೆಯ ಒಗಟಿಗೆ ಹೋದಳು.

"ಅದೂ ಪಂಖವೇ. ಎಂಜಿನ್ ಆರಿಸಿದ್ದರೂ ಒಳಗೆ ಕಿಡಿ ತಡೆಯೋ ತಂತಿ ತುಂಡಾಗಿದ್ದರೆ ಸಾಕು, ಪಂಖ ಕೈಯಲ್ಲಿ ತಿರುಗಿಸಿದಾಗ ಕಿಡಿ ಹಾರಿ ಎದ್ದುಬಿಡುತ್ತೆ. ಗಾಲಿಗೆ ಕಲ್ಲು ಕೊಟ್ಟು, ಪ್ಲಗ್ಗಿನ ತಂತಿ ಕಿತ್ತಿಟ್ಟು ಆಮೇಲೆ ಮುಟ್ಟಬೇಕು. ಆಗಲೂ ಅದು ಎಚ್ಚರವಾಗೇ ಇದೆ ಅಂತ ತಿಳೀಬೇಕು."

ಚಂದಲದೇವಿ ಎದ್ದು ನಿಂತಳು. "ಕಳ್ಳ ಬಂದಿಲ್ಲ, ಯಾರೂ ಬಿಚ್ಚಿಲ್ಲ. ಮಳೆಗಾಲದಲ್ಲಿ ಬಿಗಿಯಾಗಿದ್ದ ಮುಷ್ಟಿ ಬೇಸಗೆಯಲ್ಲಿ ಸಡಿಲ. ಬೆರಳಿನ ತಪ್ಪಲ್ಲ. ಬಿಗಿಯನ್ನು ಕದ್ದದ್ದು ಯಾರು?"

ಕಾಳವ್ವ ಸಿಟ್ಟಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಬಿಸಿಲು ತಾಯಿ. ಬೋಲ್ಟು ಅಲ್ಲಾಡೋದಿಲ್ಲ, ಮರ ಒಣಗಿ ಕುಗ್ಗುತ್ತೆ. ಬೇಸಗೇಲಿ ಬಂಡಿಗಾಲಿಯ ಕಬ್ಬಿಣದ ಪಟ್ಟಿ ಕಳಚುತ್ತೆ ಅಂತ ಕೆರೇಲಿ ನೆನೆಹಾಕ್ತೀವಿ. ಪಂಖ ನೆನೆಹಾಕೋಕಾಗುತ್ತಾ? ಮೊದಲ ಹಾರಾಟ ಆದಮೇಲೆ ಒಮ್ಮೆ, ಹವೆ ಬದಲಾದಾಗಲೆಲ್ಲ ಒಮ್ಮೆ ಬಿಗಿ ನೋಡಲೇಬೇಕು. ನಮ್ಮಪ್ಪ ಸ್ಪ್ಯಾನರು ಹಿಡಿದು ಮೂರು ಸಲ ಬಂದಿದ್ದ. ಲಾಯದ ಬಾಗಿಲಲ್ಲೇ ತಡೆದರು."

"ಯಾಕೆ?"

"ಆಯುಧಪೂಜೆ ಆಗಿದೆ, ಅರಿಸಿನ ಕುಂಕುಮ ಇಟ್ಟ ಪಂಖವನ್ನ ಇನ್ನು ಯಾರೂ ಮುಟ್ಟಕೂಡದು ಅಂತ ಅಪ್ಪಣೆಯಾಗಿತ್ತು."

"ಯಾರ ಅಪ್ಪಣೆ?"

ಕಾಳವ್ವ ಸಿಂಹಾಸನದ ಕಡೆ ನೋಡಿದಳು. ಸಭೆಯವರೆಲ್ಲ ನೆಲ ನೋಡಿದರು.

ಚಂದಲದೇವಿ ಸೆರಗಿನೊಳಗಿಂದ ಅಣ್ಣನ ಪಂಖದ ತುಂಡೊಂದನ್ನು ತೆಗೆದು ಎತ್ತಿ ಹಿಡಿದಳು. ಬೋಲ್ಟಿನ ತೂತುಗಳು ಸುಟ್ಟು ಕಪ್ಪಾಗಿದ್ದವು. "ಕೆತ್ತನೆ ಕೆಟ್ಟು ಒಡೆದದ್ದಲ್ಲ ಇದು. ಸಡಿಲವಾಗಿ ಉಕ್ಕಿಗೆ ಉಜ್ಜಿ ಉಜ್ಜಿ ಸುಟ್ಟದ್ದು. ಉತ್ತರ ನನಗೆ ಗೊತ್ತಿತ್ತು. ಇಲ್ಲಿ ಕೂತವರಲ್ಲಿ ಇಪ್ಪತ್ತು ಜನಕ್ಕಾದರೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಬೇಕಿತ್ತು, ಅಷ್ಟೇ."

ಅವಳು ಹೊಸ ವಿಮಾನದ ಸ್ಪ್ಯಾನರನ್ನು ತರಿಸಿ ಕಾಳವ್ವನ ಕೈಗಿಟ್ಟಳು. "ಲಾಯ ನಿನ್ನದು. ಪಂಖದ ವಿಷಯದಲ್ಲಿ ನಿನ್ನ ಮಾತಿನ ಮೇಲೆ ಇನ್ನು ಯಾರ ಅಪ್ಪಣೆಯೂ ಇಲ್ಲ. ನಿನ್ನಪ್ಪನಿಗೆ ಇವತ್ತೇ ಬಿಡುಗಡೆ. ಈ ಇಬ್ಬರು ಹಾರುವುದು ಬೇಡ, ಲಾಯ ಗುಡಿಸಲಿ. ಇನ್ನೇನು ಬೇಕು ಕೇಳು."

ಕಾಳವ್ವ ರಾಜನ ಎದುರಿಗೆ ಹೋಗಿ ನಿಂತಳು.

"ಬುದ್ಧಿ, ನಮ್ಮಪ್ಪನ ಕೈಕೋಳ ಭಟರು ಬಿಚ್ಚೋದು ಬೇಡ. ನೀವೇ ಬಂದು ಬಿಚ್ಚಬೇಕು. ತಪ್ಪು ನಿನ್ನದಲ್ಲ ಕಾಳಪ್ಪಾ, ನನ್ನದು ಅಂತ ಅವನ ಮುಖ ನೋಡಿ ಹೇಳಬೇಕು."

ರಾಜ ಇನ್ನೂ ಕೂತಿರುವಾಗಲೇ ಕಾಳವ್ವ ಬಾಗಿಲ ಕಡೆ ಕೈ ತೋರಿಸಿದಳು.

"ಸೆರೆಮನೆ ದೂರ ಇಲ್ಲ. ಬರ್ತೀರಾ, ಬುದ್ಧಿ?"