ಬಿಡಾರದ ದಿಬ್ಬ

ಕರಿಗುಡಿಹಾಳದ ಅಗಸಿಬಾಗಿಲು ದಾಟಿ ಬಲಕ್ಕೆ ತಿರುಗಿದರೆ ಎದುರಾಗುವ ಎತ್ತರದ ನೆಲಕ್ಕೆ ಬಿಡಾರದ ದಿಬ್ಬ ಎಂದು ಹೆಸರು. ಇಂದು ಅದರ ಮೇಲೆ ನಲವತ್ತೆರಡು ಮನೆಗಳು, ಒಂದು ಹಿಟ್ಟಿನ ಗಿರಣಿ, ಒಂದು ಅಂಗನವಾಡಿ, ಸೋರುವ ಒಂದು ನೀರಿನ ಟಾಕಿ ಇವೆ. ದಿಬ್ಬದ ನೆತ್ತಿಯಲ್ಲಿ ಆಳುದ್ದ ಆಳದ ಹನ್ನೊಂದು ದುಂಡು ಕುಳಿಗಳಿದ್ದು, ಮಕ್ಕಳು ಬಿದ್ದಾರೆಂದು ಪಂಚಾಯತಿಯವರು ಅವಕ್ಕೆ ಕಲ್ಲುಚಪ್ಪಡಿ ಮುಚ್ಚಿಸಿದ್ದಾರೆ. ಬಿಡಾರವೆಂದರೆ ನಾಲ್ಕು ದಿನ ತಂಗಿ ಎದ್ದು ಹೋಗುವ ಜಾಗ. ಇಲ್ಲಿನ ಮನೆಗಳಾದರೋ ಎಂಟು ತಲೆಮಾರಿನಿಂದ ಇದ್ದಲ್ಲೇ ಇವೆ. ಹಾಗಿದ್ದೂ ಈ ಹೆಸರೇಕೆ ಎಂದು ಊರಿಗೆ ಹೊಸದಾಗಿ ವರ್ಗವಾಗಿ ಬಂದವರೆಲ್ಲ ಕೇಳುತ್ತಾರೆ. ಯಾವುದೋ ದಂಡು ಇಲ್ಲಿ ಇಳಿದಿತ್ತು ಎಂದು ಬಾಯಿಗೆ ಬಂದಂತೆ ಹೇಳುವವರಿದ್ದಾರೆ. ದಂಡು ಇಳಿದದ್ದಕ್ಕೆ ಊರಿನಲ್ಲಿ ಒಂದು ಕಲ್ಲೂ ಇಲ್ಲ, ಒಂದು ಹಾಡೂ ಇಲ್ಲ. ದಿಬ್ಬದ ಹಿರಿಯರು ಹೇಳುವುದು ದಂಡಿನ ಮಾತಲ್ಲ, ಒಬ್ಬ ಹೆಂಗಸಿನ ಮಾತು.

ಹಿಂದೆ ಒಮ್ಮೆ, ಕರಿಗುಡಿಹಾಳ ಕೋಟೆಗೋಡೆಯ ಒಳಗೇ ಇದ್ದ ಕಾಲದಲ್ಲಿ, ಆ ಊರಿನಲ್ಲಿ ಮನೆ ಹಿಡಿಯುವುದಕ್ಕೆ ಮನೆಯ ಒಡೆಯನ ಒಪ್ಪಿಗೆಯೊಂದೇ ಸಾಲುತ್ತಿರಲಿಲ್ಲ. ಹೊಸ ಒಲೆಯ ಮೊದಲ ಬೆಂಕಿಯನ್ನು ಚಕಮಕಿ ಕಲ್ಲಿನಿಂದ ಹೊತ್ತಿಸುವಂತಿರಲಿಲ್ಲ. ಗೋಡೆ ಹಂಚಿಕೊಂಡ ನೆರೆಮನೆಯವರು ತಮ್ಮ ಒಲೆಯಿಂದ ಒಂದು ಕೆಂಡವನ್ನು ಸಗಣಿ ಕುಳ್ಳಿನ ತುಂಡಿನ ಮೇಲಿಟ್ಟು ಕೈಯಾರೆ ಕೊಡಬೇಕಿತ್ತು. ಕೆಂಡ ಕೊಡುವುದು ಉಪಚಾರದ ಮಾತಲ್ಲ, ಹೊಣೆ. ಬಂದವನು ನಾಳೆ ಕಳವು ಮಾಡಿದರೆ, ಕೆರೆಯ ನೀರು ಕೆಡಿಸಿದರೆ, ಚಾವಡಿಯಲ್ಲಿ ನಿಂತು ಜವಾಬು ಹೇಳಬೇಕಾದವರು ಕೆಂಡ ಕೊಟ್ಟವರೇ. ಊರೊಳಗಿನವರು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋದರೂ ಈ ಕಟ್ಟು ತಪ್ಪುತ್ತಿರಲಿಲ್ಲ. ಊರು ಅದರಿಂದ ಅಚ್ಚುಕಟ್ಟಾಗಿತ್ತು ಎನ್ನುತ್ತಾರೆ. ಆದರೆ ಗುರುತಿಲ್ಲದವರಿಗೆ ಅಲ್ಲಿ ಒಂದು ಮೂಲೆ ಸಿಗುವುದೂ ದುರ್ಲಭವಾಗಿತ್ತು.

ಅಂಥ ಊರಿಗೆ ದೀಪಾವಳಿ ಕಳೆದ ಹದಿನೈದು ದಿನಕ್ಕೆ ಹೊನ್ನಕ್ಕನೆಂಬ ಹೆಂಗಸು ಗಂಡ ಸಿದ್ರಾಮನೊಡನೆ ಒಂದೆತ್ತಿನ ಗಾಡಿಯಲ್ಲಿ ಬಂದಿಳಿದಳು. ಅವರು ನೂಲಿಗೆ ನೀಲಿ ಹಾಕುವ ಬಣ್ಣಗಾರರು. ತಮ್ಮ ಊರಿನ ಬಾವಿ ಸವಳಾಗಿ, ಆ ನೀರಿಗೆ ಬಣ್ಣ ಹಿಡಿಯದೆ, ಸಿಹಿನೀರು ಹುಡುಕಿ ಹೊರಟವರು. ಗಾಡಿಯಲ್ಲಿ ಮೂರು ಕೌದಿ ಸುತ್ತಿದ ಒಂದು ಗಡಿಗೆಯಿತ್ತು. ಅದರೊಳಗಿದ್ದದ್ದು ನೀಲಿಯ ಹೆಪ್ಪು. ಹಾಲಿಗೆ ಹೆಪ್ಪು ಹಾಕಿದರಲ್ಲದೆ ಮೊಸರಾಗುವುದಿಲ್ಲವಷ್ಟೆ, ನೀಲಿಯದೂ ಹಾಗೆಯೇ. ಹೊನ್ನಕ್ಕನ ಅಜ್ಜಿಯ ಅಜ್ಜಿ ಕೂಡಿಸಿದ ಹೆಪ್ಪು ಅದು. ಬೇಯಿಸಿದ ತಗಚೆ ಬೀಜ, ಸುಣ್ಣದ ತಿಳಿ ಉಣಿಸುತ್ತ ಬೆಚ್ಚಗಿಟ್ಟರೆ ತಾಮ್ರದ ಬಣ್ಣದ ಕೆನೆ ಕಟ್ಟಿ ಬದುಕಿರುತ್ತದೆ. ಚಳಿ ಹತ್ತಿದರೆ ಬೂದಿಬಣ್ಣಕ್ಕೆ ತಿರುಗಿ ಸಾಯುತ್ತದೆ. ಅದನ್ನು ಬೇಗ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣಕ್ಕೆ ಇಳಿಸದಿದ್ದರೆ ಮಾಗಿ ದಾಟುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಹೆಪ್ಪು ಸತ್ತರೆ ಕಸುಬೂ ಸತ್ತಂತೆಯೇ.

ಕರಿಗುಡಿಹಾಳ ನೇಕಾರರ ಊರು. ನೀಲಿ ನೂಲಿಗಾಗಿ ಮೂರು ದಿನದ ದಾರಿ ಹೋಗಿಬರುತ್ತಿದ್ದ ಆ ಜನ ಬಣ್ಣಗಾರರು ಬಂದರೆಂದು ಕೇಳಿ ಹಿಗ್ಗಿದರು. ಆದರೆ ಗುಡಾಣ ಹುಳಿತರೆ ನಾಲ್ಕು ಮನೆಯಾಚೆಗೂ ನಾರುತ್ತದೆ. ನೀಲಿ ಎಲ್ಲರಿಗೂ ಬೇಕಿತ್ತು. ಗುಡಾಣ ಪಕ್ಕದ ಓಣಿಯಲ್ಲಿರಲಿ ಎಂಬುದು ಪ್ರತಿಯೊಂದು ಓಣಿಯ ಅಭಿಪ್ರಾಯವಾಗಿತ್ತು. ಮೊದಲ ಮನೆಯವರು ಕಸುಬು ಕೇಳಿ ಬಾಗಿಲು ಮುಂದೆ ಮಾಡಿದರು. ಎರಡನೆಯವರು ಈ ಊರಲ್ಲಿ ನಿಮ್ಮನ್ನು ಬಲ್ಲವರು ಯಾರು ಎಂದರು. ಬಲ್ಲವರಿದ್ದರೆ ಮನೆ ಕೇಳುತ್ತ ಯಾಕೆ ಅಲೆಯುತ್ತಿದ್ದೆವು ಎಂದು ಸಿದ್ರಾಮ ಗೊಣಗಿದ್ದರಿಂದ ಆ ಮನೆಯೂ ಹೋಯಿತು. ಕೊನೆಗೆ ಊರಗೌಡ ನಿಂಗನಗೌಡನ ಹಳೆಯ ಮನೆಯೊಂದು ಖಾಲಿಯಿರುವುದು ತಿಳಿಯಿತು. ಗೌಡ ನೇಮದ ಮನುಷ್ಯ. ಮನೆ ಕೊಡಲು ಒಪ್ಪಿ, ಇಷ್ಟು ಹೇಳಿದ: “ಮನಿ ನಂದು, ಖರೆ. ನಡುವಿನ ಗ್ವಾಡಿ ನನ್ನೊಬ್ಬಂದಲ್ಲ. ಸಾಂತವ್ವನ ಕಡೆ ಕೆಂಡ ಕೇಳ್ಕೋರಿ.”

ಸಾಂತವ್ವ ಆ ಗೋಡೆಯ ಆಚೆ ಒಂಟಿಯಾಗಿದ್ದ ವಿಧವೆ. ಬಹಳ ಹಿಂದೆ ಒಬ್ಬ ಪರಸ್ಥಳದವನಿಗೆ ಕೆಂಡ ಕೊಟ್ಟು, ಅವನು ಚಾವಡಿಯ ಹಿತ್ತಾಳೆ ದೀಪಗಳೊಡನೆ ಓಡಿಹೋಗಿ, ಅದರ ದಂಡಕ್ಕೆ ಅವಳ ಮಗ್ಗವನ್ನು ಊರು ಎತ್ತಿಕೊಂಡು ಹೋಗಿತ್ತು. ಹೊನ್ನಕ್ಕ ಹೊಸ್ತಿಲ ಹೊರಗೆ ನಿಂತು ಕೇಳಿದಾಗ ಆಕೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. “ನನ್ನ ಒಲಿಯಿಂದ ಕೆಂಡ ಹೊರಗ ಹೋಗೂದಿಲ್ಲ, ತಂಗಿ. ಒಮ್ಮೆ ಹೋಗಿತ್ತು, ಸಾಕು” ಎಂದಳು. ಹೊನ್ನಕ್ಕ ಎರಡನೆಯ ಸಲ ಕೇಳಲಿಲ್ಲ. ಗಾಡಿಗೆ ಮರಳಿ ಕೌದಿ ಸರಿಸಿ ನೋಡಿದಳು; ಕೆನೆ ತೆಳ್ಳಗಾಗಿ ಅಂಚಿನಲ್ಲಿ ಬೂದಿಬಣ್ಣ ಕಾಣಿಸಿಕೊಂಡಿತ್ತು.

ಅಂದೇ ಅವಳು ಚಾವಡಿಗೆ ಹೋಗಿ, ಕೋಟೆಯ ಹೊರಗಿನ ದಿಬ್ಬದ ಮೇಲೆ ಯಾರ ಗೋಡೆಯೂ ಇಲ್ಲ, ಅಲ್ಲಿ ಯಾರ ಕೆಂಡ ಬೇಕು ಎಂದು ಕೇಳಿದಳು. ಹಿರಿಯರಿಗೆ ಈ ಪ್ರಶ್ನೆ ಹೊಸದು. ಬಹಳ ಹೊತ್ತು ಕೂತು ಎತ್ತಿ ಇಳಿಸಿ ಗೌಡ ತೀರ್ಮಾನ ಹೇಳಿದ. ನೆರೆಯ ಕೆಂಡವಿಲ್ಲದ್ದು ಮನೆಯಲ್ಲ, ಬಿಡಾರ. ಬಿಡಾರಕ್ಕೆ ಎರಡು ಕಟ್ಟು: ಅಮಾವಾಸ್ಯೆಗೊಮ್ಮೆ ಬಂದು ಮುಂದಿನ ಅಮಾವಾಸ್ಯೆವರೆಗೆ ಇರಲು ಅಪ್ಪಣೆ ಕೇಳಬೇಕು, ಬಿಡಾರದ ಒಲೆಯಿಂದ ಇನ್ನೊಬ್ಬರಿಗೆ ಕೆಂಡ ಕೊಡಕೂಡದು. ಎರಡರಲ್ಲಿ ಯಾವುದು ತಪ್ಪಿದರೂ ಜಾಗ ಬಿಡಬೇಕು. ಹೊನ್ನಕ್ಕ ಒಪ್ಪಿದಳು. ಒಪ್ಪದೆ ಮಾಡುವುದೇನು?

ಗಂಡಹೆಂಡಿರು ಎರಡು ದಿನದಲ್ಲಿ ಕುಳಿ ತೋಡಿ ಗುಡಾಣ ಹೂತರು. ಕುತ್ತಿಗೆಯವರೆಗೆ ಹೂತು ಸುತ್ತ ಗಚ್ಚು ಹಾಕಿದ ಗುಡಾಣವನ್ನು ಮತ್ತೆ ಎತ್ತಲಾಗದು, ಒಡೆಯಬೇಕಷ್ಟೆ. ಗಾಳಿ ತಡೆಯಲು ಅದರ ಮಗ್ಗುಲಿಗೆ ಕರಿಕಲ್ಲಿನ ಗೋಡೆಯೊಂದನ್ನು ಎಬ್ಬಿಸಿದರು. ತಮಗೆ ಜೋಳದ ಕಣಿಕೆಯ ಗುಡಿಸಲು, ನೀಲಿಗೆ ಕಲ್ಲಿನ ಗೋಡೆ. ಸುತ್ತಲೂ ಕುಳ್ಳಿನ ಬೆಂಕಿ ಕಾವಿಟ್ಟು ಹೊನ್ನಕ್ಕ ಹನ್ನೆರಡು ದಿನ ಆ ಗುಡಾಣದ ಬಾಯಿಗೆ ಅಂಟಿಕೊಂಡೇ ಇದ್ದಳು. ಹದಿಮೂರನೆಯ ದಿನ ತಾಮ್ರದ ಕೆನೆ ಮೂಡಿತು. ಸಂಕ್ರಾಂತಿಯ ಹೊತ್ತಿಗೆ ನೇಕಾರರು ನೂಲಿನ ಲಡಿಗಳನ್ನು ಹೊತ್ತು ದಿಬ್ಬ ಹತ್ತತೊಡಗಿದರು. ಮೂಗಿಗೆ ಸೆರಗು ಹಿಡಿದು ಬಂದವರಿಗೆ ಸಿದ್ರಾಮ, ಮೂಗು ಮನ್ಯಾಗ ಇಟ್ಟು ಬರಬೇಕಿಲ್ಲೇನ್ರಿ, ನೂಲಷ್ಟ ಸಾಕಾಗಿತ್ತು ಎನ್ನುತ್ತಿದ್ದನಂತೆ. ಅಮಾವಾಸ್ಯೆಗೊಮ್ಮೆ ಹೊನ್ನಕ್ಕ ಮೊಣಕೈವರೆಗೆ ನೀಲಿಯಾದ ಕೈ ಜೋಡಿಸಿ ಚಾವಡಿಯಲ್ಲಿ ನಿಲ್ಲುತ್ತಿದ್ದಳು. ಊರಿಗೆ ಊರೇ ಅವಳ ನೀಲಿ ಉಡುತ್ತಿದ್ದರೂ ಅಪ್ಪಣೆ ಸಿಗುವತನಕ ಅವಳ ಎದೆಯಲ್ಲಿ ಒಂದು ಹೆದರಿಕೆ ಇದ್ದೇ ಇರುತ್ತಿತ್ತು.

ಆ ವರ್ಷ ಮುಂಗಾರು ಜೋರಾಯಿತು. ಕರಿಗುಡಿಹಾಳದ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮಳೆಗೆ ಮೊದಲು ಅದರ ಮೇಲೆ ನೀರು ತಡೆಯುವ ಕರಲು ಮಣ್ಣು ಹರವಿ ಬಡಿಯದಿದ್ದರೆ ನೀರು ಇಳಿಯುತ್ತದೆ. ಜನ ವಾಸವಿದ್ದ ಮನೆಗೆ ವಾಸವಿದ್ದವರು ಬಡಿಯುತ್ತಾರೆ. ಗೌಡನ ಖಾಲಿ ಮನೆಗೆ ಯಾರೂ ಬಡಿಯಲಿಲ್ಲ. ಆಷಾಢವಿಡೀ ನೀರು ಕುಡಿದ ಆ ನಡುವಿನ ಗೋಡೆ ಶ್ರಾವಣದ ಒಂದು ಮುಂಜಾನೆ ಸಾಂತವ್ವನ ಕಡೆಗೇ ಕುಸಿದು ಅವಳ ಮಾಳಿಗೆಯನ್ನೂ ಎಳೆದುಕೊಂಡಿತು. ನೀರಿಗೆ ಹೋಗಿದ್ದರಿಂದ ಆಕೆ ಉಳಿದಳು. ಹೊನ್ನಕ್ಕನ ನಿಟ್ಟುಸಿರು ತಟ್ಟಿತೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಗೋಡೆ ಬಿದ್ದದ್ದು ಕರಲು ಹಾಕದೆ ಬಿಟ್ಟದ್ದರಿಂದ.

ಸಾಂತವ್ವ ಹುಟ್ಟಿದೂರಿನಲ್ಲೇ ಮನೆ ಕೇಳುತ್ತ ಹೊರಟಳು. ಖಾಲಿ ಕೋಣೆಗಳಿದ್ದವು, ಕೊಡುವವರೂ ಇದ್ದರು. ಕೆಂಡ ಕೊಡುವ ನೆರೆಯವರು ಸಿಗಲಿಲ್ಲ. ಒಮ್ಮೆ ಹೊಣೆ ತಪ್ಪಿ ಮಗ್ಗ ಕಳೆದುಕೊಂಡವಳಿಗೆ ತಾವೇಕೆ ಹೊಣೆಯಾಗಬೇಕೆಂದು ಒಬ್ಬೊಬ್ಬರೂ ಮೆತ್ತಗೆ ಜಾರಿಕೊಂಡರು. ನಾಲ್ಕು ದಿನ ಗುಡಿಯ ಮೊಗಸಾಲೆಯಲ್ಲಿ ಕಳೆದು ಐದನೆಯ ದಿನ ಒಂದು ಗಂಟು ಹೊತ್ತು, ಜಿಟಿಜಿಟಿ ಮಳೆಯಲ್ಲಿ ಆಕೆ ದಿಬ್ಬ ಹತ್ತಿ ಬಂದಳು. ಸಿದ್ರಾಮ ಪರವೂರಿಗೆ ಹೋಗಿದ್ದ. ಹೊನ್ನಕ್ಕ ಒಬ್ಬಳೇ ಲಡಿ ಹಿಂಡುತ್ತಿದ್ದಳು.

“ಈ ಕಲ್ಲಗ್ವಾಡಿಗೆ ಒಂದು ಚಪ್ಪರ ಇಳಿಬಿಟ್ಕೋತೀನಿ, ತಂಗಿ. ಒಂದು ಕೆಂಡ ಕೊಡ್ತಿ ಏನು?”

“ನನ್ನ ಕೆಂಡ ಊರಾಗ ನಡಿಯೂದಿಲ್ಲ. ಗೊತ್ತೈತಿಲ್ಲೋ ಅತ್ತಿ?”

“ಗೊತ್ತೈತಿ. ನಂದೂ ನಡಿಯೂದಿಲ್ಲ.”

ಹೊನ್ನಕ್ಕನಿಗೆ ನಗು ಬಂತು; ಬಂದಷ್ಟೇ ಬೇಗ ಹೋಯಿತು. ಕೆಂಡ ಕೊಟ್ಟರೆ ಕಟ್ಟು ಮುರಿಯುತ್ತದೆ. ಅಮಾವಾಸ್ಯೆಗೆ ಎಂಟೇ ದಿನ. ಗುಡಾಣ ಒಡೆದು, ಈ ಥಂಡಿಯಲ್ಲಿ ಹೆಪ್ಪು ಹೊತ್ತು ಮತ್ತೆ ಯಾವ ಊರಿಗೆ ಹೋಗುವುದು? ಕೊಡುವುದಿಲ್ಲ ಎನ್ನಲು ಅವಳಿಗೆ ಎಲ್ಲ ಹಕ್ಕೂ ಇತ್ತು. ಹಾಗೆಂದಿದ್ದರೆ ಊರಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಎದುರು ನಿಂತವಳು ಕೂಡ. ಲಡಿಯನ್ನು ಗಳಕ್ಕೆ ಹಾಕಿ, ಕೈ ಒರೆಸಿಕೊಂಡು ಒಳಗೆ ಹೋದಳು. ಗೋಡೆಯ ಆ ಮಗ್ಗುಲಿಗೆ ಮೂರು ಕಲ್ಲು ಹೂಡಿ, ಕುಳ್ಳಿನ ಮೇಲೆ ಕೆಂಡ ತಂದು ಸಾಂತವ್ವನ ಕೈಗಿಟ್ಟಳು.

ದಿಬ್ಬದ ಮೇಲೆ ಎರಡು ಹೊಗೆ ಏಳುವುದನ್ನು ಊರು ಕಾಣದಿರುವುದುಂಟೆ? ಮಧ್ಯಾಹ್ನದ ಹೊತ್ತಿಗೆ ಗೌಡ ಚಾವಡಿಯ ಇಬ್ಬರು ಹಿರಿಯರೊಡನೆ ಬಂದ. ಸಾಂತವ್ವನ ಒಲೆಯ ಮೇಲೆ ಜೋಳದ ನುಚ್ಚು ಕುದಿಯುತ್ತಿತ್ತು. ಕಟ್ಟು ಗೊತ್ತಿತ್ತಲ್ಲ ಎಂದು ಗೌಡ ಕೇಳಿದ. ಗೊತ್ತಿತ್ತು ಎಂದಳು. ಮತ್ತೇಕೆ ಕೊಟ್ಟೆ ಎಂದದ್ದಕ್ಕೆ, ಮಳೆಯಲ್ಲಿ ನಿಂತಿದ್ದಳು ಎಂದಳು. ಹಾಗಾದರೆ ಅಮಾವಾಸ್ಯೆಗೆ ಜಾಗ ಬಿಡಬೇಕೆಂದು ಗೌಡ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊನ್ನಕ್ಕನೂ ಬೇಡಿಕೊಳ್ಳಲಿಲ್ಲ.

“ಬಿಡ್ತೀನ್ರಿ ಗೌಡ್ರ. ಒಂದು ಕೇಳ್ತೀನಿ. ಕೆಂಡ ಕೊಟ್ಟಾಕಿನ ಜವಾಬು ಹೇಳಬೇಕು ಅನ್ನೂದು ನಿಮ್ಮ ಊರಿನ ಕಟ್ಟು. ನಾ ಹೋದ ಮ್ಯಾಲ ಈ ಅತ್ತಿಗೆ ಜವಾಬು ಹೇಳಾವ್ರು ಯಾರು?”

ಜವಾಬು ಹೇಳುವವರಿಲ್ಲದ ಒಲೆಯನ್ನು ಊರಗೌಡನೇ ತನ್ನ ಕೈಯಿಂದ ನಂದಿಸಬೇಕೆಂಬುದೂ ಅದೇ ಕಟ್ಟಿನ ಮಾತು. ಒಬ್ಬ ಹಿರಿಯ ನೀರಿನ ತಂಬಿಗೆಯನ್ನು ಮುಂದೆ ಚಾಚಿಯೂಬಿಟ್ಟ. ಗೌಡ ಅದನ್ನು ಮುಟ್ಟದೆ, ಕುದಿಯುವ ಗಡಿಗೆಯನ್ನೂ ಅದರ ಹಿಂದೆ ಕೂತ ಮುದುಕಿಯನ್ನೂ ನೋಡುತ್ತ ನಿಂತ. ಅವಳ ಸೀರೆಯ ಮೇಲೆ ಅವನ ಮನೆಯ ಗೋಡೆಯ ಮಣ್ಣು ಇನ್ನೂ ಇತ್ತು. ಆಮೇಲೆ ಸಾಂತವ್ವನಿಗೆ ಮಾತ್ರ ಕೇಳುವಂತೆ, “ಕರಲು ನಾ ಹಾಕಿಸಬೇಕಾಗಿತ್ತವ್ವ” ಎಂದನಂತೆ. ಬಳಿಕ ಎಲ್ಲರಿಗೂ ಕೇಳುವಂತೆ ತೀರ್ಮಾನ ಹೇಳಿದ: ಇನ್ನೊಬ್ಬರಿಗೆ ಜವಾಬು ಹೇಳಬೇಕಾದವಳು ಮನೆಯೊಡತಿ; ಮನೆಯೊಡತಿ ಅಮಾವಾಸ್ಯೆಗೆ ಬಂದು ಅಪ್ಪಣೆ ಕೇಳಬೇಕಾಗಿಲ್ಲ, ಜಾಗ ಬಿಡಬೇಕಾಗಿಯೂ ಇಲ್ಲ.

ಆ ವರ್ಷವೇ ದಿಬ್ಬಕ್ಕೆ ಹೊಸಕೇರಿ ಎಂದು ಗೌಡ ಡಂಗುರ ಹೊಡೆಸಿದ. ಹೆಸರು ನಿಲ್ಲಲಿಲ್ಲ. ಇಲ್ಲಿಗೆ ಬರುವವರು ಬಿಡಾರ ಕೇಳಿಕೊಂಡೇ ಬರುತ್ತಾರೆ, ಅವರಿಗೆ ದಾರಿ ತಪ್ಪದಿರಲಿ ಎಂದು ಹೊನ್ನಕ್ಕ ಹಳೆಯ ಹೆಸರನ್ನೇ ಇಟ್ಟುಕೊಂಡಳು ಎನ್ನುತ್ತಾರೆ. ಬಂದವರಿಗೆ ಅವಳು ಮೊದಲು ಕೆಂಡ ಕೊಟ್ಟು, ಆಮೇಲೆ ಊರುಕೇರಿ ಕೇಳುತ್ತಿದ್ದಳು. ಗುಡಾಣ ಒಂದಿದ್ದದ್ದು ಹನ್ನೊಂದಾಯಿತು.

ದಿಬ್ಬಕ್ಕೆ ಹೋದವರು ಸಾಲಿನ ಎರಡನೆಯ ಮನೆಯ ಮುಂದೆ ತುಸು ನಿಲ್ಲಬೇಕು. ಗೌಡ ತನ್ನ ಬಿದ್ದ ಮನೆಯ ಕಲ್ಲುಗಳನ್ನು ಗಾಡಿಗೆ ಹೇರಿಸಿ ಸಾಂತವ್ವನಿಗಾಗಿ ಕಟ್ಟಿಸಿದ ಕೋಣೆ ಅದು. ಎರಡಾಳು ಕೈ ಚಾಚಿದರೆ ಮುಗಿಯುವಷ್ಟು ಅಗಲದ ಆ ಮನೆಗೆ, ಎರಡೂ ಕೊನೆಯಲ್ಲಿ ಸಿಂಹದ ಮುಖ ಕೆತ್ತಿದ ಗೌಡರ ಆ ಹಳೆಯ ಮನೆಯ ಉದ್ದನೆಯ ಹೊಸ್ತಿಲು. ಅದರ ಒಂದು ತುದಿ ಬಾಗಿಲು ದಾಟಿ ಪಕ್ಕದ ಹೊನ್ನಕ್ಕನ ಮನೆಯ ಅಂಗಳದೊಳಕ್ಕೆ ಮೊಳದಷ್ಟು ಚಾಚಿಕೊಂಡಿದೆ. ಅದನ್ನು ಕಡಿದು ಸರಿಮಾಡುವ ಮನಸ್ಸು ಇವತ್ತಿಗೂ ಯಾರಿಗೂ ಬಂದಿಲ್ಲ. ಎರಡೂ ಮನೆಯವರು ಸಂಜೆ ಅದರ ಮೇಲೆಯೇ ಕೂತಿರುತ್ತಾರೆ.