ಹೊಗಳಿಕೆಗೊಂದು ಅಡಿಟಿಪ್ಪಣಿ

ಕಂಬಳಿ ನೇಯುವವರ ಹಾಡುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ದ್ಯಾಮವ್ವನಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಪ್ರೊಫೆಸರ್ ನಾಗಲಿಂಗಸ್ವಾಮಿ. ಅಡಿಟಿಪ್ಪಣಿ ಇಲ್ಲದ ವಾಕ್ಯ ಕಂಡರೆ ಸಾಕು, ಉಪ್ಪಿಲ್ಲದ ಸಾರು ಉಂಡವರ ಹಾಗೆ ಮುಖ ಕಿವುಚುತ್ತಿದ್ದರು.

ಪ್ರಬಂಧ ಒಪ್ಪಿಸಲು ವಾರ ಉಳಿದಿತ್ತು. ಪ್ರೊಫೆಸರು ಒಂದು ಅಧ್ಯಾಯವನ್ನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಆಧಾರ ಅಂತ ಏನು ಬರೆದಿದ್ದೀಯಮ್ಮ? 'ನಮ್ಮಜ್ಜಿ ಮರಿಯವ್ವ ಹೇಳಿದ್ದು'! ಬಾಯಿಮಾತು ಆಧಾರವಲ್ಲ. ಅಚ್ಚಾದ ಪುಸ್ತಕ ತೋರಿಸು, ಇಲ್ಲಾಂದ್ರೆ ತೆಗಿ."

"ಸರ್, ಆ ಹಾಡು ಇರೋದೇ ಅಜ್ಜಿ ಬಾಯಲ್ಲಿ."

"ನಿಯಮ ಅಂದ್ರೆ ನಿಯಮ. ಎಲ್ಲಾ ಪುಟಕ್ಕೂ ಒಂದೇ."

"ಆಯ್ತು ಸರ್" ಅಂದು ದ್ಯಾಮವ್ವ ಹೋದಳು. ಮರುದಿನ ಕೃತಜ್ಞತೆಯ ಪುಟ ತಂದಿಟ್ಟಳು. ಮಾರ್ಗದರ್ಶಕರನ್ನು ಹೊಗಳದೆ ಯಾವ ಪ್ರಬಂಧ ತಾನೇ ಶುರುವಾಗುತ್ತದೆ? ಪ್ರೊಫೆಸರು ಕನ್ನಡಕ ಏರಿಸಿ ಓದಿದರು: "ನನ್ನ ಮಾರ್ಗದರ್ಶಕರು ನಾಡೇ ಮೆಚ್ಚಿದ ವಿದ್ವಾಂಸರು." ಕೆಳಗೆ ಅಡಿಟಿಪ್ಪಣಿ: "ಆಧಾರ: ಅವರೇ ತರಗತಿಯಲ್ಲಿ ಹೇಳಿದ್ದು. ಬಾಯಿಮಾತು."

"ಅಚ್ಚಿನಲ್ಲಿ ಎಲ್ಲೂ ಸಿಗಲಿಲ್ಲ ಸರ್. ತೆಗೆದುಬಿಡಲಾ?"

ಪ್ರೊಫೆಸರು ಕೆಮ್ಮಿದರು. ನೀರು ಕುಡಿದರು. ಕೊನೆಗೆ ನಕ್ಕೇಬಿಟ್ಟರು. "ಬೇಡ, ಇರಲಿ. ನಿಮ್ಮಜ್ಜಿಯೂ ಇರಲಿ" ಎಂದು ಸಹಿ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲಮ್ಮ, ಆ ಮಾತಿಗೆ ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ?"

"ಕೇಳಿದೆ ಸರ್, ನಿಮ್ಮ ಮನೆಯಲ್ಲಿ ಅಮ್ಮಾವ್ರನ್ನ. 'ನಾನೂ ಅವರ ಬಾಯಲ್ಲೇ ಕೇಳಿದ್ದು ಕಣಮ್ಮ' ಅಂದ್ರು."